ಮಸಾರಿ ಹೊಲಕ್ಕೆ ಸಬ್ಸಿಡಿ ಹೊಂಡನಾ, ಬೋರಾ?

ಯಲಬುರ್ಗಾ ಕಡೆ ನಾಲ್ಕು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ, ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆ ನೀರಿನ ಹೊಂಡ ತೋಡಿಸಲಾ ಇಲ್ಲ ಸಾಲ ಮಾಡಿ ಬೋರ್ ಹಾಕಿಸಲಾ ಅಂತ ಕೇಳಿದ್ದೀರಿ. ನಮ್ಮದು ಕುಷ್ಟಗಿ ಕಡೆ, ಅದೇ ಮಸಾರಿ, ಮನೆಯಲ್ಲಿ ಇದೇ ಜಗಳ. ಅಪ್ಪ ಬೋರ್ ಅಂದರು, ನಾನು ಹೊಂಡ ಅಂದೆ. ಖರ್ಚಿನಲ್ಲಿ ಶೇ 80 ಸರ್ಕಾರದ್ದು, ಪರಿಶಿಷ್ಟರಿಗಾದರೆ ಶೇ 90, ಬಿಡೋಕಾಗುತ್ತಾ? ನನ್ನ ವಾದ ಅಷ್ಟೇ. ಹೊಲದಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ಒಂದು ಮಳೆಯಲ್ಲೂ ನಿಂತು ನೋಡಿದವನಲ್ಲ.

ಹೊಂಡ ಆಯಿತು, ನೀರು ಇಂಗದಂತೆ ಒಳಗೆ ಹಾಸುವ ಕಪ್ಪು ಪ್ಲಾಸ್ಟಿಕ್ ಹಾಳೆಯೂ ಬಂತು. ನೀರು ಒಳಗೆ ಬರುವ ಬಾಯಿಗೆ ಮೊದಲು ಒಂದು ಸಣ್ಣ ಗುಂಡಿ ತೆಗೆಯಬೇಕು, ಹೂಳು ಅಲ್ಲೇ ಕೂತು ತಿಳಿ ನೀರು ಮಾತ್ರ ಹೊಂಡಕ್ಕೆ ಇಳಿಯಲಿ ಅಂತ. ಅಂದಾಜು ಪಟ್ಟಿಯಲ್ಲೂ ಅದಿತ್ತು. ಜೆಸಿಬಿ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತಿತ್ತು, ಶೇಂಗಾ ಬಿತ್ತನೆ ಬೇರೆ ಹತ್ತಿರ ಬಂದಿತ್ತು, ಆಮೇಲೆ ನಾನೇ ಸನಿಕೆಯಲ್ಲಿ ತೆಗೀತೀನಿ ಬಿಡು ಅಂದೆ. ಇಲಾಖೆಯಿಂದ ಫೋಟೋ ತೆಗೆಯೋಕೆ ಬಂದವರೂ ಹೊಂಡದ ಫೋಟೋ ತೆಗೆದುಕೊಂಡು ಹೋದರು, ಗುಂಡಿ ಎಲ್ಲಿ ಅಂತ ಕೇಳಲಿಲ್ಲ.

ಮೊದಲ ದೊಡ್ಡ ಮಳೆಗೇ ತುಂಬಿತು. ನೀರು ರಾಗಿ ಅಂಬಲಿ ಥರ ಗಟ್ಟಿ ಕೆಂಪು. ಆಗಲೂ ನಾನು ಖುಷಿಯಲ್ಲೇ ಇದ್ದೆ, ನೆಂಟರಿಗೆಲ್ಲ ಫೋಟೋ ಕಳಿಸಿದೆ. ನೀರು ಖಾಲಿಯಾದ ಮೇಲೆ ನೋಡಿದರೆ ತಳದಲ್ಲಿ ಮೊಣಕಾಲು ಮುಳುಗುವಷ್ಟು ರಾಡಿ. ಕೈಯಲ್ಲಿ ತೆಗೆಯೋಕೆ ಆಳು ಸಿಗಲಿಲ್ಲ. ಮತ್ತೆ ಜೆಸಿಬಿ ಕರೆಸಿದೆ, ದಂಡೆ ಮೇಲೆ ನಿಂತು ಕೈ ಚಾಚಿ ಬಾಚಿತು, ಬಕೆಟ್ಟಿನ ಹಲ್ಲು ರಾಡಿಯೊಳಗೆ ಹಾಳೆಗೆ ಸಿಕ್ಕಿಕೊಂಡಿದ್ದು ಯಾರಿಗೂ ಕಾಣಲಿಲ್ಲ. ಮುಂದಿನ ಮಳೆಗೆ ತುಂಬಿದ್ದು ವಾರದೊಳಗೆ ತಳ ಕಂಡಿತು. ಕಪ್ಪು ಮಣ್ಣಿನ ಎರೆ ಹೊಲವಾಗಿದ್ದರೆ ಮಣ್ಣೇ ನೀರು ಹಿಡಿಯುತ್ತಿತ್ತು. ಮಸಾರಿಯಲ್ಲಿ ಹಾಳೆ ಹರಿದರೆ ಅದು ಇಂಗುಗುಂಡಿ, ಅಷ್ಟೇ. ಎರಡನೇ ಹಾಳೆ ಪೂರ್ತಿ ನನ್ನ ಜೇಬಿನಿಂದ. ಸಬ್ಸಿಡಿ ಅಂತ ಉಳಿಸಿದ್ದರಲ್ಲಿ ಜಾಸ್ತಿ ಪಾಲು ಅಲ್ಲೇ ಹೋಯಿತು.

ಅದಕ್ಕೇ ಹೇಳೋದು, ಹೊಂಡನಾ ಬೋರಾ ಅನ್ನೋ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಮೊದಲು ಒಡ್ಡು. ಇಳಿಜಾರಿಗೆ ಅಡ್ಡ ಒಡ್ಡು ಹಾಕದ ಹೊಲದಲ್ಲಿ ಹೊಂಡಕ್ಕೆ ಬರೋದು ನೀರಲ್ಲ, ನಿಮ್ಮ ಮೇಲ್ಮಣ್ಣು. ಕೃಷಿ ಭಾಗ್ಯದಲ್ಲೇ ಬದು ನಿರ್ಮಾಣ ಅಂತ ಈ ಒಡ್ಡಿನ ಕೆಲಸವೂ ಇದೆ, ನಾವು ಬುದ್ಧಿ ಬಂದ ಮೇಲೆ ನರೇಗಾದಲ್ಲಿ ಹಾಕಿಸಿದೆವು. ಆಮೇಲೆ ಹೂಳು ಬರೋದು ತುಂಬಾ ಕಡಿಮೆಯಾಯಿತು.

ಹೊಂಡದಿಂದ ನಾಲ್ಕೂ ಎಕರೆ ನೀರಾವರಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 12 ಮೀಟರ್ ಉದ್ದ, 12 ಅಗಲ, 3 ಆಳ ಅಂದರೆ ಇಳಿಜಾರು ಕಳೆದು ಹಿಡಿಯೋದು ಸುಮಾರು 2.5 ಲಕ್ಷ ಲೀಟರ್. ಒಂದು ಎಕರೆಗೆ ಒಂದು ಇಂಚು ನೀರು ಕೊಡೋಕೇ 1 ಲಕ್ಷ ಲೀಟರ್ ಬೇಕು. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ತುಂತುರು ಪೈಪಿನಲ್ಲಿ ಒಂದೆಕರೆ ಉಳಿಸಿಕೊಳ್ಳಬಹುದು. ಅದು ಸಣ್ಣ ಮಾತಲ್ಲ, ಆದರೆ ಅಷ್ಟೇ. ಬೋರ್‌ಗೆ ಸಾಲ ಮಾತ್ರ ಬೇಡ. ನಮ್ಮ ಸುತ್ತ ಒಣಗಿದ ಬೋರ್ ಎಣಿಸೋಕೆ ಹೋಗಲ್ಲ ನಾನು.

ಅರ್ಜಿ ರೈತ ಸಂಪರ್ಕ ಕೇಂದ್ರದಲ್ಲಿ, ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಇಲ್ಲದೆ ಮುಂದೆ ಹೋಗಲ್ಲ. ಮಂಜೂರಾತಿ ಕೈಗೆ ಬರೋ ತನಕ ಒಂದು ಬುಟ್ಟಿ ಮಣ್ಣೂ ತೆಗೆಯಬೇಡಿ. ಸಬ್ಸಿಡಿ ಬರೋದು ಕೆಲಸ ಮುಗಿದ ಮೇಲೆ, ಅಲ್ಲಿ ತನಕ ಕೈಯಿಂದ ಹಾಕೋಕೆ ದುಡ್ಡಿದೆಯಾ ನೋಡಿಕೊಳ್ಳಿ. ತಂತಿ ಬೇಲಿ ಆಮೇಲೆ ಹಾಕಿಸೋಣ ಅಂತ ಬಿಡಬೇಡಿ. ಹಾಳೆ ಹಾಸಿದ ಹೊಂಡಕ್ಕೆ ಬಿದ್ದವರು ಹತ್ತೋಕಾಗಲ್ಲ, ಕಾಲು ಜಾರುತ್ತದೆ, ಈಜು ಬಂದರೂ ಅಷ್ಟೇ. ದಂಡೆಯಲ್ಲಿ ಗೂಟ ಹೊಡೆದು ಗಂಟು ಹಾಕಿದ ಹಗ್ಗ ತಳದವರೆಗೂ ಇಳಿಬಿಡಿ, ನೀರು ತುಂಬುವ ಮೊದಲೇ.