ಫ್ರೆಂಚರಿಗೂ ಅಮೆರಿಕನ್ನರಿಗೂ ಯಾಕೆ ಅಷ್ಟಕ್ಕಷ್ಟೆ?

ನೀವು ಕೇಳಿದ್ದು ಎರಡು ಪ್ರಶ್ನೆ. ಈ ಎರಡು ದೇಶದವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಯಾಕೆ ಆಗುವುದಿಲ್ಲ, ಇಬ್ಬರಲ್ಲಿ ದೇಶಾಭಿಮಾನ ಯಾರಿಗೆ ಜಾಸ್ತಿ ಅಂತ. ನಾನು ಕೆಲಸದ ಮೇಲೆ ಕೆಲವು ವರ್ಷ ಫ್ರಾನ್ಸಿನ ಲಿಯೋನ್‌ನಲ್ಲಿದ್ದೆ, ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಎರಡೂ ಕಡೆ ಊಟದ ಮೇಜಿನಲ್ಲಿ ಈ ಮಾತು ಬಂದು ದನಿ ಏರಿದ್ದನ್ನು ನೋಡಿದ್ದೇನೆ. ನನಗೆ ಅನ್ನಿಸಿದ್ದು ಇಷ್ಟು: ಇವರ ಮಧ್ಯೆ ಇರುವುದು ದ್ವೇಷಕ್ಕಿಂತ ಹೆಚ್ಚಾಗಿ ಋಣದ ಕಿರಿಕಿರಿ. ಇಬ್ಬರೂ ಒಬ್ಬರನ್ನೊಬ್ಬರು ಉಳಿಸಿದವರು. ತಾವು ಕೊಟ್ಟಿದ್ದು ಇಬ್ಬರಿಗೂ ಚೆನ್ನಾಗಿ ನೆನಪಿದೆ, ಇಸಕೊಂಡಿದ್ದನ್ನು ಯಾರಾದರೂ ಎತ್ತಿ ಆಡಿದರೆ ಮಾತ್ರ ತಡೆಯುವುದಿಲ್ಲ.

ಮೊದಲು ಕೊಟ್ಟವರು ಫ್ರೆಂಚರು. 1778ರಲ್ಲಿ ಒಪ್ಪಂದ ಮಾಡಿಕೊಂಡು ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ ಅಮೆರಿಕದ ಜೊತೆ ನಿಂತರು. ಹಣ, ಮದ್ದುಗುಂಡು, ಹಡಗು, ಸೈನ್ಯ ಎಲ್ಲ ಕಳಿಸಿದರು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಸೋತನಲ್ಲ, ಆಗ ಅಮೆರಿಕದ ಸೇನಾಪತಿ ಜಾರ್ಜ್ ವಾಷಿಂಗ್ಟನ್‌ನ ಪಕ್ಕದಲ್ಲೇ ರೋಶಾಂಬೊನ ಫ್ರೆಂಚ್ ದಂಡು ಇತ್ತು, ಸಮುದ್ರದ ಕಡೆಯಿಂದ ಬ್ರಿಟಿಷರಿಗೆ ನೆರವು ಬರದಂತೆ ತಡೆದದ್ದು ದ ಗ್ರಾಸ್‌ನ ಫ್ರೆಂಚ್ ನೌಕಾಪಡೆ. ಇದೇ ಕಾರ್ನ್‌ವಾಲಿಸ್ ಆಮೇಲೆ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇರಿಸಿಕೊಂಡವನು. ಅಮೆರಿಕದ ಆ ಸ್ವಾತಂತ್ರ್ಯ ಯುದ್ಧದ ಬಿಸಿ ನಮ್ಮ ಮೈಸೂರಿಗೂ ತಟ್ಟಿತ್ತು: ಫ್ರಾನ್ಸ್ ಅಮೆರಿಕದ ಪರ ನಿಂತ ಕಾರಣಕ್ಕೇ ಬ್ರಿಟಿಷರು 1779ರಲ್ಲಿ ಫ್ರೆಂಚರ ಮಾಹೆಯನ್ನು ಹಿಡಿದರು, ಹೈದರಾಲಿಗೆ ಯುದ್ಧದ ಸಾಮಾನು ಬರುತ್ತಿದ್ದ ಬಂದರು ಅದು, ಮರುವರ್ಷವೇ ಹೈದರ್ ಯುದ್ಧಕ್ಕೆ ಇಳಿದ. ಪೆನ್ಸಿಲ್ವೇನಿಯಾದವರು 1782ರಲ್ಲಿ ತಮ್ಮ ಒಂದು ಯುದ್ಧದ ಹಡಗಿಗೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು.

ಈ ಉಪಕಾರ ಫ್ರಾನ್ಸಿಗೆ ತುಂಬಾ ದುಬಾರಿಯಾಯಿತು. ಖಜಾನೆ ಸಾಲದಲ್ಲಿ ಮುಳುಗಿತು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ವರ್ಸೈಗೆ ಹೋದಾಗ ಹದಿನಾರನೇ ಲೂಯಿ ಅವರಿಗೆ ಮರ್ಯಾದೆ ಮಾಡಿದ, ಸೈನ್ಯ ಕೊಡಲಿಲ್ಲ. ಕೊಡುವ ಸ್ಥಿತಿಯಲ್ಲೂ ಇರಲಿಲ್ಲ. ಮರುವರ್ಷ ಕ್ರಾಂತಿಯೇ ಆಯಿತು.

ಆ ಯುದ್ಧದಲ್ಲಿ ಅಮೆರಿಕದ ಪರ ಹೋರಾಡಿದ ಫ್ರೆಂಚ್ ಸೇನಾನಿ ಲಫಾಯೆತ್ ಹೆಸರು ಅಮೆರಿಕದಲ್ಲಿ ಮಕ್ಕಳಿಗೂ ಗೊತ್ತು, ಅವನ ಹೆಸರಿನ ಊರುಗಳೇ ಎಷ್ಟೋ ಇವೆ. ದ ಗ್ರಾಸ್ ಅಂದರೆ ಮಾತ್ರ ನನ್ನ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. 2021ರಲ್ಲಿ ಆಸ್ಟ್ರೇಲಿಯಾ ಫ್ರೆಂಚರ ಜೊತೆಗಿನ ಜಲಾಂತರ್ಗಾಮಿ ಒಪ್ಪಂದ ಬಿಟ್ಟು ಅಮೆರಿಕ, ಬ್ರಿಟನ್ ಕಡೆ ಹೋದಾಗ ಫ್ರಾನ್ಸ್ ವಾಷಿಂಗ್ಟನ್‌ನಿಂದ ತನ್ನ ರಾಯಭಾರಿಯನ್ನೇ ವಾಪಸ್ ಕರೆಸಿಕೊಂಡಿತು. ಅಲ್ಲಿನ ರಾಯಭಾರ ಕಚೇರಿಯಲ್ಲಿ ನಡೆಯಬೇಕಿದ್ದ ಒಂದು ಔತಣವೂ ರದ್ದಾಯಿತು. ಅದು ಇದೇ ದ ಗ್ರಾಸ್‌ನ ಸಮುದ್ರ ಯುದ್ಧದ 240ನೇ ವರ್ಷದ ಔತಣ. ಲಿಯೋನ್‌ನ ಗೆಳೆಯರಿಗೆ ವ್ಯಾಪಾರ ಹೋಯಿತು ಅನ್ನುವುದಕ್ಕಿಂತ ತಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಅನ್ನುವುದು ಹೆಚ್ಚು ನೋವಾಗಿತ್ತು.

ಇನ್ನು ಅಮೆರಿಕ ಕೊಟ್ಟಿದ್ದು. ಮೊದಲನೇ ಮಹಾಯುದ್ಧದಲ್ಲಿ 1917ರಲ್ಲಿ ಬಂದರು, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರಿಂದ ಫ್ರಾನ್ಸನ್ನು ಬಿಡಿಸಲು 1944ರಲ್ಲಿ ಮತ್ತೆ ಬಂದರು. ನಾರ್ಮಂಡಿಯ ಕೊಲ್‌ವಿಲ್‌ನಲ್ಲಿ, ಆಗ ಅಮೆರಿಕನ್ನರು ಬಂದಿಳಿದ ಒಮಾಹಾ ಬೀಚ್ ಮೇಲಿನ ದಿಬ್ಬದಲ್ಲಿ ಅಮೆರಿಕದ ಸೈನಿಕರ ಸ್ಮಶಾನವಿದೆ, 9,300ಕ್ಕೂ ಹೆಚ್ಚು ಸಮಾಧಿಗಳು. ಒಮ್ಮೆಯಾದರೂ ಹೋಗಿ. ಸತ್ತವರ ಮನೆಯವರು ಯಾರಾದರೂ ಬಂದರೆ ಅಲ್ಲಿನ ಸಿಬ್ಬಂದಿ ಕೆಳಗಿನ ಬೀಚಿನಿಂದ ತಂದ ಒದ್ದೆ ಮರಳನ್ನು ಬಿಳಿ ಅಮೃತಶಿಲೆಯ ಶಿಲುಬೆಯ ಮೇಲೆ ಕೆತ್ತಿದ ಹೆಸರಿಗೆ ಉಜ್ಜುತ್ತಾರೆ. ಅಕ್ಷರದೊಳಗೆ ಮರಳು ಕೂತು ಹೆಸರು ಹೊಂಬಣ್ಣದಲ್ಲಿ ಎದ್ದು ಕಾಣುತ್ತದೆ, ಇಲ್ಲದಿದ್ದರೆ ಬಿಳಿ ಕಲ್ಲಿನಲ್ಲಿ ಹೆಸರು ಫೋಟೋಕ್ಕೆ ಸಿಗುವುದೇ ಇಲ್ಲ. ಅಲ್ಲಿ ನಿಂತವರಿಗೆ ಅಮೆರಿಕನ್ನರ ಹೆಮ್ಮೆ ಬರೀ ಬಾಯಿಮಾತಲ್ಲ ಅನ್ನುವುದು ಗೊತ್ತಾಗುತ್ತದೆ.

ಆದರೆ 1944ರ ಅದೇ ಬೇಸಿಗೆಯಲ್ಲಿ ಮಿತ್ರಪಡೆಗಳ ಬಾಂಬಿಗೆ ಸ್ಯಾನ್ ಲೋ, ಲ ಆವ್ರ್, ಕಾನ್‌ನಂಥ ಊರುಗಳು ಪುಡಿಯಾದವು, ನಾರ್ಮಂಡಿಯ ಸಾವಿರಾರು ಸಾಮಾನ್ಯ ಜನ ಸತ್ತರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಫ್ರೆಂಚರ ನಾಯಕ ಡಿ ಗಾಲ್ ಮೇಲೆ ನಂಬಿಕೆಯೇ ಇರಲಿಲ್ಲ. ಆ ಅವಮಾನವನ್ನು ಡಿ ಗಾಲ್ ಮರೆಯಲಿಲ್ಲ. 1964ರಲ್ಲಿ ನಾರ್ಮಂಡಿ ದಾಳಿಯ 20ನೇ ವರ್ಷದ ಸಮಾರಂಭಕ್ಕೆ ಹೋಗಲಿಲ್ಲ, 1966ರಲ್ಲಿ ನೇಟೋದ ಸೇನಾ ವ್ಯವಸ್ಥೆಯಿಂದ ಹೊರಬಂದು ಅಮೆರಿಕದ ಸೈನ್ಯವನ್ನು ದೇಶ ಬಿಟ್ಟು ಹೋಗಿ ಅಂದ. ಫ್ರಾನ್ಸ್ ಆ ವ್ಯವಸ್ಥೆಗೆ ಮರಳಿದ್ದು 2009ರಲ್ಲಿ. ಹಾಗಂತ ಫ್ರೆಂಚರು ಉಪಕಾರ ಮರೆತವರು ಅನ್ನುವುದೂ ಸರಿಯಲ್ಲ. ಜರ್ಮನಿ ಸೋಲಲು ಯಾರು ಹೆಚ್ಚು ಕಾರಣ ಅಂತ 1945ರಲ್ಲಿ ಸಮೀಕ್ಷೆ ಮಾಡಿದಾಗ 57 ಶೇಕಡಾ ಫ್ರೆಂಚರು ಸೋವಿಯತ್ ಒಕ್ಕೂಟ ಅಂದಿದ್ದರು. 2004ರಲ್ಲಿ ಅದೇ ಪ್ರಶ್ನೆಗೆ 58 ಶೇಕಡಾ ಜನ ಅಮೆರಿಕ ಅಂದರು.

ನನಗೆ ನಿಜಕ್ಕೂ ಸಿಟ್ಟು ಬರುವುದು ಫ್ರೆಂಚರು ಪುಕ್ಕಲರು, ಶರಣಾಗುವುದೇ ಅವರ ಕೆಲಸ ಅನ್ನುವ ಅಮೆರಿಕದ ಜೋಕಿಗೆ. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಸುಮಾರು 14 ಲಕ್ಷ ಸೈನಿಕರು ಸತ್ತರು. ಅಮೆರಿಕದವರು ಸುಮಾರು 1.16 ಲಕ್ಷ. ಫ್ರಾನ್ಸಿನ ಯಾವ ಹಳ್ಳಿಗೇ ಹೋಗಿ, ಚೌಕದಲ್ಲೋ ಚರ್ಚಿನ ಪಕ್ಕದಲ್ಲೋ ಒಂದು ಕಲ್ಲಿನ ಕಂಬ ಇರುತ್ತದೆ, ಅದರ ಮೇಲೆ ಹೆಸರುಗಳು. ಒಂದೇ ಮನೆತನದ ಹೆಸರು ಮೂರು ಸಲ, ನಾಲ್ಕು ಸಲ ಬರುತ್ತದೆ, ಅಣ್ಣತಮ್ಮಂದಿರು, ದಾಯಾದಿಗಳು. ಮನೆಗಳಿಗಿಂತ ಹೆಸರುಗಳೇ ಜಾಸ್ತಿ ಕಾಣುವ ಹಳ್ಳಿಗಳನ್ನು ನೋಡಿದ್ದೇನೆ. 1940ರಲ್ಲಿ ಜರ್ಮನಿಯ ಕೈಲಿ ಆದ ಸೋಲು ಸೋಲೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಆರು ವಾರದಲ್ಲೂ 50 ಸಾವಿರಕ್ಕೂ ಹೆಚ್ಚು ಫ್ರೆಂಚ್ ಸೈನಿಕರು ಹೋರಾಡಿ ಸತ್ತಿದ್ದಾರೆ. ಇದು ಗೊತ್ತಿದ್ದವರು ಆ ಜೋಕ್ ಹೇಳಲಾರರು.

ಆ ಜೋಕು ಜೋರಾಗಿದ್ದು 2003ರಲ್ಲಿ, ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಪ್ಪದಿದ್ದಾಗ. ಅಮೆರಿಕದ ಸಂಸತ್ತಿನ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್‌ಗೆ ಫ್ರೀಡಮ್ ಫ್ರೈಸ್ ಅಂತ ಹೆಸರು ಬದಲಾಯಿಸಿದರು, ಕೆಲವರು ಫ್ರೆಂಚ್ ವೈನನ್ನು ಚರಂಡಿಗೆ ಸುರಿದರು. ಅದಕ್ಕೆ ಎರಡು ವರ್ಷ ಮೊದಲು ಅವಳಿ ಗೋಪುರ ಬಿದ್ದಾಗ ‘ನಾವೆಲ್ಲರೂ ಅಮೆರಿಕನ್ನರು’ ಅಂತ ಮುಖಪುಟದಲ್ಲಿ ಬರೆದದ್ದು ಪ್ಯಾರಿಸ್‌ನ ಲ ಮೋಂದ್ ಪತ್ರಿಕೆ. ಯುದ್ಧ ಬೇಡ ಅಂತ ಗೆಳೆಯ ಹೇಳಿದ್ದನ್ನು ದ್ರೋಹ ಅಂದುಕೊಂಡರು. ಗೆಳೆಯ ಹೇಳಿದ್ದೇ ಸರಿ ಇತ್ತು ಅಲ್ವಾ?

ಅಭಿಮಾನ ಯಾರಿಗೆ ಜಾಸ್ತಿ ಅನ್ನುವುದಕ್ಕೆ ಬರುತ್ತೇನೆ. ಜಾಸ್ತಿ ಕಡಿಮೆ ಇಲ್ಲ, ಅದು ಕಾಣುವ ಜಾಗ ಬೇರೆ. ನಮ್ಮ ಬೀದಿಯಲ್ಲಿ ಹಬ್ಬ ಇರಲಿ ಬಿಡಲಿ ಮನೆ ಮುಂದೆ ಬಾವುಟ ಹಾರುತ್ತದೆ, ಎಷ್ಟೋ ಶಾಲೆಗಳಲ್ಲಿ ಮಕ್ಕಳು ದಿನಾ ಬೆಳಿಗ್ಗೆ ಬಾವುಟಕ್ಕೆ ನಿಷ್ಠೆಯ ಪ್ರತಿಜ್ಞೆ ಹೇಳುತ್ತಾರೆ. ಫ್ರಾನ್ಸಿನಲ್ಲಿ ಬಾವುಟ ಪುರಸಭೆಯ ಕಟ್ಟಡದ ಮೇಲೆ, ಬಿಟ್ಟರೆ ಫುಟ್‌ಬಾಲ್ ಗೆದ್ದ ರಾತ್ರಿ. ಮನೆ ಮುಂದೆ ಸುಮ್ನೆ ಹಾರಿಸಿದರೆ ತೀವ್ರ ಬಲಪಂಥದವರೇನೋ ಅಂತ ಅಕ್ಕಪಕ್ಕದವರು ಅಂದುಕೊಳ್ಳುತ್ತಿದ್ದರು. 2015ರ ನವೆಂಬರ್‌ನಲ್ಲಿ ಪ್ಯಾರಿಸ್ ಮೇಲೆ ನಡೆದ ಉಗ್ರರ ದಾಳಿಯ ನಂತರ ಆಗಿನ ಅಧ್ಯಕ್ಷ ಒಲಾಂದ್ ಬಾವುಟ ಹಾರಿಸಿ ಅಂತ ಕರೆ ಕೊಟ್ಟ ಮೇಲೆ ಆ ಸಂಕೋಚ ಸ್ವಲ್ಪ ಕಡಿಮೆಯಾಯಿತು. ಅವರ ಅಭಿಮಾನ ಭಾಷೆಯಲ್ಲಿದೆ, ಊಟದಲ್ಲಿದೆ. 1994ರಿಂದ ಜಾಹೀರಾತು, ಕೆಲಸದ ಕರಾರು ಎಲ್ಲದರಲ್ಲೂ ಫ್ರೆಂಚ್ ಇರಲೇಬೇಕು ಅಂತ ಕಾನೂನಿದೆ. ಕನ್ನಡದವನಾಗಿ ನನಗೆ ಅದರ ಮೇಲೆ ತುಂಬಾ ಗೌರವ. 1999ರಲ್ಲಿ ಅಮೆರಿಕ ಫ್ರಾನ್ಸಿನ ರೋಕ್‌ಫೋರ್ ಚೀಸಿಗೆ ಸುಂಕ ಏರಿಸಿದ್ದಕ್ಕೆ ರೈತ ಮುಖಂಡ ಝೋಸೆ ಬೋವೆ ಮತ್ತು ಸಂಗಡಿಗರು ಮೀಯೋ ಊರಿನಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಕೆಡವಿದರು. ಅದೇ ಫ್ರಾನ್ಸ್ ಅಮೆರಿಕದ ಹೊರಗೆ ಮೆಕ್‌ಡೊನಾಲ್ಡ್ಸ್‌ನ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಎರಡೂ ನಿಜ.

ಒಂದು ಕಡೆ ಮಾತ್ರ ಇಬ್ಬರ ದಾರಿ ಪೂರ್ತಿ ಬೇರೆ. 2018ರಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದಾಗ ಅಮೆರಿಕದ ಟಿವಿಯಲ್ಲಿ ಹಾಸ್ಯಗಾರ ಟ್ರೆವರ್ ನೋಆ, ಆಟಗಾರರ ಆಫ್ರಿಕಾದ ಬೇರು ನೋಡಿ, ಗೆದ್ದಿದ್ದು ಆಫ್ರಿಕಾ ಅಂತ ತಮಾಷೆ ಮಾಡಿದ. ಫ್ರೆಂಚ್ ರಾಯಭಾರಿ ಝೆರಾರ್ ಆರೋ ಪತ್ರ ಬರೆದು ಖಂಡಿಸಿದರು: 23 ಆಟಗಾರರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಹುಟ್ಟಿದ್ದು ಫ್ರಾನ್ಸಿನಲ್ಲಿ, ಅವರು ಫ್ರೆಂಚರು, ಅಷ್ಟೇ. ನೋಆ ಕೇಳಿದ್ದು, ಎರಡೂ ಯಾಕೆ ಆಗಬಾರದು ಅಂತ. ನಾನು ನೋಆ ಪಕ್ಷ. ಇಲ್ಲಿನ ಕನ್ನಡ ಕೂಟದಲ್ಲಿ ರಾಜ್ಯೋತ್ಸವ ಮಾಡಿ ಮರುದಿನ ಓಟು ಹಾಕಲು ಹೋಗುವ ಗೆಳೆಯರಿದ್ದಾರೆ, ಅವರನ್ನು ಅರ್ಧ ಅಮೆರಿಕನ್ನರು ಅಂತ ಯಾರೂ ಅನ್ನುವುದಿಲ್ಲ. ಆದರೆ ಜನರನ್ನು ಮೂಲ ನೋಡಿ ಗುರುತಿಸುವುದು ಅಂದರೆ ಫ್ರೆಂಚರಿಗಿರುವ ಭಯಕ್ಕೂ ಕಾರಣ ಇದೆ. 1940ರಲ್ಲಿ ಫ್ರಾನ್ಸನ್ನು ಹಿಡಿದಿದ್ದ ಜರ್ಮನ್ನರು ಯಹೂದಿಗಳ ಪಟ್ಟಿ ಮಾಡಿಸಿದ್ದರು, ಆಮೇಲೆ ಅವರನ್ನು ಹಿಡಿಯಲು ಬಳಕೆಯಾದದ್ದು ಅದೇ ಪಟ್ಟಿ. ಇವತ್ತಿಗೂ ಅಲ್ಲಿನ ಜನಗಣತಿಯಲ್ಲಿ ನಿಮ್ಮ ಜನಾಂಗ, ಧರ್ಮ ಕೇಳುವುದಿಲ್ಲ. ಹಾಗಾಗಿ ಫ್ರಾನ್ಸಿನಲ್ಲೇ ಹುಟ್ಟಿದ ಕಪ್ಪು ಬಣ್ಣದ ಸಹೋದ್ಯೋಗಿಯನ್ನು ‘ಮೂಲ ಯಾವ ದೇಶ’ ಅಂತ ಕೇಳಬೇಡಿ. ಅಮೆರಿಕದಲ್ಲಿ ಕೆಲವರು ಅದನ್ನು ಪರಿಚಯದ ಮಾತು ಅಂತ ತೆಗೆದುಕೊಳ್ಳಬಹುದು, ಅಲ್ಲಿ ನೀನು ನಮ್ಮವನಲ್ಲ ಅಂದ ಹಾಗೆ ಕೇಳಿಸುತ್ತದೆ.