14900ಕೆ ಮತ್ತು ನಾಲ್ಕು ರ‍್ಯಾಮ್ ಸ್ಟಿಕ್: ತಮ್ಮಾ, ಸ್ವಲ್ಪ ತಡಿ

ತಮ್ಮಾ, ಕೋಡ್ ಬರೆಯೋ ಕೆಲಸಕ್ಕೆ ಹೊಸ ಕಂಪ್ಯೂಟರ್ ಕಟ್ಟಿಸಲು ಇಲ್ಲಿ ಸಲಹೆ ಕೇಳಿದ್ದೀಯಲ್ಲ, ಆರ್ಡರ್ ಹಾಕೋ ಮುಂಚೆ ಇದನ್ನು ಓದು. ಧಾರವಾಡದ ಮನೆ, ರಾತ್ರಿ ಪಾಳಿ ಕೆಲಸ, ಅದೇ ಕೋಣೆಯಲ್ಲಿ ಅಪ್ಪ ಮಲಗುತ್ತಾರೆ, ಸದ್ದು ಬರಬಾರದು ಅಂತ ನೀನೇ ಬರೆದಿದ್ದೀಯ. ಅದರ ಕೆಳಗೇ ಇಂಟೆಲ್‌ನ ಕೋರ್ ಐ9 14900ಕೆ ಪ್ರೊಸೆಸರ್ ಚಿಪ್, ಅದನ್ನು ತಣಿಸಲು 360 ಮಿ.ಮೀ. ವಾಟರ್ ಕೂಲರ್, 16 ಜಿಬಿಯ ನಾಲ್ಕು ಮೆಮೊರಿ ಸ್ಟಿಕ್ ಅಂತ ಪಟ್ಟಿ ಹಾಕಿದ್ದೀಯ. ನಾನು ಇದೇ ದಾರಿಯಲ್ಲಿ ಹೋಗಿ ಕೈ ಸುಟ್ಟುಕೊಂಡವನು. ಚಿಪ್ ಬೇರೆ, ತಪ್ಪು ಅದೇ.

2023ರಲ್ಲಿ ಎಎಂಡಿ ಕಂಪನಿಯ ರೈಝೆನ್, 170 ವ್ಯಾಟ್‌ನ 16 ಕೋರ್ ಚಿಪ್ ತಂದೆ. ಜಾಸ್ತಿ ಇದ್ದರೆ ಇರಲಿ ಬಿಡು ಅನ್ನೋ ಲೆಕ್ಕ. ದೊಡ್ಡ ಬಿಲ್ಡ್, ಅಂದರೆ ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಕೆಲಸ, ಓಡುವಾಗ ಸದ್ದು ಬರುತ್ತದೆ ಅಂತ ಗೊತ್ತೇ ಇತ್ತು. ತಲೆ ಕೆಡಿಸಿದ್ದು ಅದಲ್ಲ. ಫೈಲ್ ಸೇವ್ ಮಾಡಿದಾಗಲೆಲ್ಲ ಕೋಡನ್ನು ತಾನಾಗೇ ಪರೀಕ್ಷಿಸುವ ಟೆಸ್ಟ್ ವಾಚರ್ ಎದ್ದು ಕೂರುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಚಿಪ್ 50ರಿಂದ 80 ಡಿಗ್ರಿಗೆ ಹಾರುತ್ತಿತ್ತು. ಫ್ಯಾನ್ ಹೂಂ ಅಂತ ಏರಿ, ಐದು ಸೆಕೆಂಡಿಗೆ ಇಳಿಯುತ್ತಿತ್ತು. ಮತ್ತೆ ಸೇವ್, ಮತ್ತೆ ಹೂಂ. ರಾತ್ರಿ ಹನ್ನೊಂದಕ್ಕೆ ನಮ್ಮನೆಯವಳು ಎದ್ದು ಬಂದು, "ಏನ್ರೀ, ಆ ಮಷಿನ್ನಿಗೆ ದಮ್ಮು ಹತ್ತೈತೇನು?" ಅಂದಳು. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ. ಏರಿಳಿಯುವ ಸದ್ದಿಗೆ ನಿದ್ದೆ ಹತ್ತುವುದಿಲ್ಲ.

ಆಮೇಲೆ ಏಪ್ರಿಲ್ ಬಂತು. ಹುಬ್ಬಳ್ಳಿ ಬಿಸಿಲು ಗೊತ್ತಲ್ಲ. ಕೂಲರ್ ಎಷ್ಟೇ ದುಬಾರಿ ಇರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಡಿಸೆಂಬರ್‌ನಲ್ಲಿ 22 ಇದ್ದ ಕೋಣೆ 35 ಆದರೆ ಚಿಪ್ಪಿನ ಬಿಸಿಯೂ ಹತ್ತಿರಹತ್ತಿರ ಅಷ್ಟೇ ಏರುತ್ತದೆ. ಎಸಿ ಕೋಣೆಯಲ್ಲಿ ಮಾಡಿದ ಯೂಟ್ಯೂಬ್ ಟೆಸ್ಟ್ ನೋಡಿ ವಾಟರ್ ಕೂಲರ್ ಆರಿಸಬೇಡ. ಅದರ ಪಂಪ್ ನೀನು ಏನೂ ಮಾಡದಿದ್ದಾಗಲೂ ಗುಂಯ್ ಅನ್ನುತ್ತಲೇ ಇರುತ್ತದೆ.

ಇನ್ನೊಂದು, ನಿನ್ನ ಯುಪಿಎಸ್ 600 ವಿಎ. ಅಂಥವು ಸಾಮಾನ್ಯವಾಗಿ ಕೊಡೋದು 360 ವ್ಯಾಟ್. 14900ಕೆ ಪೂರ್ತಿ ಟರ್ಬೊದಲ್ಲಿ ತಾನೊಂದೇ 253 ವ್ಯಾಟ್ ಎಳೆಯುತ್ತದೆ. ಕರೆಂಟ್ ಹೋದಾಗ ಬಿಲ್ಡ್ ಓಡುತ್ತಿದ್ದರೆ ಆ ಯುಪಿಎಸ್ ಎಷ್ಟು ಹೊತ್ತು ಬಾಳುತ್ತದೆ ಹೇಳು.

ನನಗೆ ಕೆಲಸ ಕೊಟ್ಟಿದ್ದು ಎರಡೇ ಬದಲಾವಣೆ, ಎರಡೂ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ. ಮೊದಲು ಚಿಪ್ ಎಳೆಯುವ ಕರೆಂಟಿಗೆ ಮಿತಿ ಹಾಕುವ ಇಕೋ ಮೋಡ್ 65 ವ್ಯಾಟ್‌ಗೆ ಇಟ್ಟೆ. 65 ಅನ್ನೋದು ಹೆಸರಿಗೆ, ಚಿಪ್ ಕೂರುವ ಸಾಕೆಟ್‌ನಲ್ಲಿ ಹೆಚ್ಚೆಂದರೆ 88 ವ್ಯಾಟ್. ಆರು ನಿಮಿಷದ ಬಿಲ್ಡ್ ಏಳೂವರೆ ನಿಮಿಷ ಆಯಿತು, ಅಷ್ಟೇ. ಎರಡನೆಯದು ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗವಾಗಿ ತಿರುಗಬೇಕು ಅನ್ನೋ ಗೆರೆ. ಎಲ್ಲರೂ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ನಾನು 70 ಡಿಗ್ರಿವರೆಗೆ 700 ಆರ್‌ಪಿಎಂನಲ್ಲಿ ಅಡ್ಡಗೆರೆ ಎಳೆದೆ. ಆಮೇಲಷ್ಟೇ ಏರಿಕೆ. ಜೊತೆಗೆ ಸ್ಟೆಪ್ ಅಪ್ ಟೈಮ್ ಅನ್ನೋದನ್ನು ಜಾಸ್ತಿ ಮಾಡಿದೆ. ಕೆಲವು ಬೋರ್ಡ್‌ನಲ್ಲಿ ಅದಕ್ಕೆ ಸ್ಮೂದಿಂಗ್ ಅಂತಾರೆ. ಕ್ಷಣಕಾಲ ಬಿಸಿ ಏರಿದರೆ ಫ್ಯಾನ್ ಕ್ಯಾರೇ ಅನ್ನುವುದಿಲ್ಲ. ದಮ್ಮು ಅವತ್ತೇ ನಿಂತಿತು. ಈ ಆಯ್ಕೆ ಇಲ್ಲದ ಅಗ್ಗದ ಬೋರ್ಡೂ ಇವೆ, ಕೊಳ್ಳುವ ಮುಂಚೆ ಮ್ಯಾನ್ಯುಯಲ್ ತೆರೆದು ನೋಡು.

ಆದರೆ ದುಡ್ಡು ಕೊಟ್ಟು ದೊಡ್ಡ ಚಿಪ್ ತಂದು ಕಟ್ಟಿ ಹಾಕೋದು ಯಾಕೆ? ರೈಝೆನ್ 7 7700 ತಗೋ, ಎಂಟು ಕೋರ್. ಕೈಯಲ್ಲಿ ದುಡ್ಡಿದ್ದರೆ ರೈಝೆನ್ 9 7900, ಹನ್ನೆರಡು ಕೋರ್. ಎರಡೂ 65 ವ್ಯಾಟ್. ಹೆಸರಿನ ಕೊನೆಗೆ ಎಕ್ಸ್ ಇರುವುದು ಬೇಡ, ಎಫ್ ಇರುವುದಂತೂ ಬೇಡವೇ ಬೇಡ. ಎಫ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಸುಮ್ನೆ ಒಂದು ಕಾರ್ಡ್ ಹಾಕಬೇಕು, ಅದರ ಫ್ಯಾನ್ ಬೇರೆ. ಡಬ್ಬದಲ್ಲಿ ಬರುವ ಕೂಲರ್ ಎತ್ತಿಟ್ಟು ಥರ್ಮಲ್‌ರೈಟ್‌ನ ಪೀರ್‌ಲೆಸ್ ಅಸಾಸಿನ್ ಅನ್ನೋ ಗಾಳಿ ಕೂಲರ್ ಹಾಕು. ನಾಕ್ಟುವಾ ಕಂಪನಿಯ ಕೂಲರ್ ಚೆನ್ನಾಗಿದೆ, ಆದರೆ ಆ ಬೆಲೆಗೆ ನಾನಾದರೆ ರ‍್ಯಾಮ್ ತರುತ್ತೇನೆ. ಇಂಟೆಲ್ ಕೆಟ್ಟದ್ದು ಅನ್ನುತ್ತಿಲ್ಲ. ಸುಮ್ಮನೆ ಕೂತಾಗ ಅದು ರೈಝೆನ್‌ಗಿಂತ ಕಡಿಮೆ ಕರೆಂಟ್ ತಿನ್ನುತ್ತದೆ. ಐ5 14500 ತಗೊಂಡರೂ ನಡೆಯುತ್ತದೆ, ಬಯಾಸ್‌ನಲ್ಲಿ ಪವರ್ ಮಿತಿ ನೀನೇ ಹಾಕಿಕೋ. 13 ಮತ್ತು 14ನೇ ಪೀಳಿಗೆಯ ದೊಡ್ಡ ಚಿಪ್ಪುಗಳ ವೋಲ್ಟೇಜ್ ತೊಂದರೆಗೆ 2024ರ ಆಗಸ್ಟ್‌ನಲ್ಲಿ ಮೈಕ್ರೊಕೋಡ್ ಅನ್ನೋ ಒಳ ತಂತ್ರಾಂಶದ ತಿದ್ದುಪಡಿ ಬಂತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಆದರೆ ಅದಾಗಲೇ ಹಾಳಾದ ಚಿಪ್ಪನ್ನು ಅದು ಸರಿ ಮಾಡದು, ಆದ್ದರಿಂದ ಸೆಕೆಂಡ್ ಹ್ಯಾಂಡ್ ಐ9 ಅಗ್ಗಕ್ಕೆ ಸಿಕ್ಕಿತು ಅಂತ ಮಾತ್ರ ಓಡಬೇಡ.

ಈಗ ರ‍್ಯಾಮ್. ನಾಲ್ಕು ಸ್ಟಿಕ್ ಯಾಕೆ ತಮ್ಮಾ? ಹಿಂದಿನ ಪೀಳಿಗೆಯ ಮೆಮೊರಿ, ಡಿಡಿಆರ್4 ಕಾಲದ ಬುದ್ಧಿ ಅದು, ನನಗೂ ಇತ್ತು. ಮೊದಲು ಎರಡು ತಂದೆ, ಆರು ತಿಂಗಳಿಗೆ ಇನ್ನೆರಡು ಸಿಕ್ಕಿಸಿದೆ. ಪರದೆ ಕಪ್ಪು. ಒಂದು ನಿಮಿಷ ಕಾದು ಬಟನ್ ಒತ್ತಿ ಆರಿಸಿದೆ. ಮತ್ತೆ ಹಚ್ಚಿದೆ, ಮತ್ತೆ ಕಪ್ಪು. ಮೂರು ಸಲ ಹೀಗೆ ಮಾಡಿ, ಬೋರ್ಡ್ ಸುಟ್ಟಿತು ಅಂತ ಕ್ಯಾಬಿನೆಟ್ ಹೊತ್ತುಕೊಂಡು ಕೊಪ್ಪಿಕರ್ ರಸ್ತೆಗೆ ಹೋದೆ. ಅಂಗಡಿ ಹುಡುಗ ಹಚ್ಚಿಟ್ಟು ಚಹಾಕ್ಕೆ ಹೋದ. ಬರುವಷ್ಟರಲ್ಲಿ ಪರದೆ ಬಂದಿತ್ತು! ಈಗಿನ ಡಿಡಿಆರ್5 ಮೊದಲ ಸಲ ಮೆಮೊರಿ ಟ್ರೇನಿಂಗ್, ಅಂದರೆ ಬೋರ್ಡಿಗೂ ಸ್ಟಿಕ್ಕಿಗೂ ಹೊಂದಾಣಿಕೆ, ಮಾಡಿಕೊಳ್ಳುತ್ತದೆ, ಅದಕ್ಕೆ ಹಲವು ನಿಮಿಷ ಬೇಕು. ನಾನು ಪ್ರತಿಸಲ ಅರ್ಧಕ್ಕೆ ಆರಿಸಿ ಅದನ್ನು ಮೊದಲಿಂದ ಶುರು ಮಾಡಿಸುತ್ತಿದ್ದೆ. ಅಷ್ಟಾದ ಮೇಲೂ ವೇಗ ನೋಡಿದರೆ 3600. ದೂರಲು ಯಾರೂ ಇಲ್ಲ, ರೈಝೆನ್ 7000ದಲ್ಲಿ ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ 3600 ಅಂತ ಎಎಂಡಿಯೇ ಬರೆದಿದೆ. ಅದಕ್ಕೆ 32 ಜಿಬಿಯ ಎರಡು ಸ್ಟಿಕ್ ತಗೋ, ಒಂದೇ ಡಬ್ಬದ ಜೋಡಿ. 6000 ವೇಗ, ಸಿಎಲ್30 ಅನ್ನೋ ಕಡಿಮೆ ವಿಳಂಬ ಅಂತ ಹೆಚ್ಚು ದುಡ್ಡು ಸುರಿಯಬೇಡ, ಅದು ಗೇಮ್ ಆಡೋರ ಚಿಂತೆ. ನಮ್ಮ ಕೆಲಸಕ್ಕೆ ಎಷ್ಟು ಜಿಬಿ ಅನ್ನೋದೇ ಮುಖ್ಯ. ಸಿ++ ಕಂಪೈಲ್‌ನಲ್ಲಿ ಒಂದೊಂದು ಥ್ರೆಡ್, ಅಂದರೆ ಚಿಪ್ ಒಟ್ಟಿಗೆ ನಡೆಸುವ ಕೆಲಸಗಳಲ್ಲಿ ಒಂದೊಂದು, ಒಂದೆರಡು ಜಿಬಿ ನುಂಗುವುದುಂಟು. 7700ರ 16 ಥ್ರೆಡ್‌ಗೆ ಗುಣಿಸಿ ನೋಡು.

ಆದರೂ 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಅದಕ್ಕೇ 64 ತಂದೇ ತೀರು ಅಂತ ಒತ್ತಾಯ ಮಾಡಲ್ಲ. ನೀನು ವಿಂಡೋಸ್ ಒಳಗೆ ಲಿನಕ್ಸ್ ನಡೆಸುವ ಡಬ್ಲ್ಯುಎಸ್ಎಲ್2ನಲ್ಲಿ, ಕಂಟೇನರ್ ಓಡಿಸುವ ಡಾಕರ್ ಬಳಸುತ್ತೀಯ ಅಲ್ವಾ? ಡಬ್ಲ್ಯುಎಸ್ಎಲ್2 ತಾನಾಗೇ ಅರ್ಧ ಮೆಮೊರಿವರೆಗೆ ಬಳಸಬಲ್ಲದು, ಅದರ ಕಾನ್ಫಿಗ್ ಫೈಲ್‌ನಲ್ಲಿ ಮಿತಿ ಹಾಕು. ಆಮೇಲೆ ನಾಳೆ ರಾತ್ರಿ ಎಲ್ಲ ಕಂಟೇನರ್, ಕೋಡ್ ಬರೆಯುವ ಐಡಿಇ, ಬ್ರೌಸರ್ ತೆರೆದು ಒಂದು ಪೂರ್ತಿ ಬಿಲ್ಡ್ ಓಡಿಸು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಕಮಿಟೆಡ್ ಎಷ್ಟು ಅಂತ ನೋಡಿ ಇಲ್ಲಿ ಹಾಕು, 32 ಸಾಕೋ 64 ಬೇಕೋ ಆಗ ಹೇಳ್ತೀನಿ.