ಭುಜ ನೋಯಿಸುವ ಮ್ಯಾಗ್ನಮ್ ಕೊಟ್ಟು ಲಿವರ್ ರೈಫಲ್ ತಗೊಳ್ಳಲಾ?

ಪ್ರಶ್ನೆ: ನಾನು ಮಡಿಕೇರಿ ಕಡೆಯವನು. ಹದಿನೈದು ವರ್ಷದಿಂದ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಎರಡು ವರ್ಷದ ಹಿಂದೆ ಬೇಟೆಯ ತರಬೇತಿ ಮುಗಿಸಿ ಲೈಸೆನ್ಸ್ ಮಾಡಿಸಿದೆ. ಅಂಗಡಿಯವರ ಮಾತು ಕೇಳಿ 300 ವಿಂಚೆಸ್ಟರ್ ಮ್ಯಾಗ್ನಮ್ ಬೋಲ್ಟ್ ರೈಫಲ್ ಕೊಂಡೆ. ಒದೆತಕ್ಕೆ ಭುಜ ನೋಯುತ್ತದೆ, ಹೊತ್ತು ತಿರುಗುವುದೂ ಕಷ್ಟ. ಆಫೀಸಿನ ಗೆಳೆಯರೊಬ್ಬರ ಹತ್ತಿರ ಅವರ ತಂದೆಯ ಕಾಲದ ವಿಂಚೆಸ್ಟರ್ 94 ಲಿವರ್ ರೈಫಲ್ (ಕೆಳಗಿನ ಹಿಡಿಯನ್ನು ಎಳೆದು ತೋಟೆ ತುಂಬುವಂಥದ್ದು) ಇದೆ, 30-30 ತೋಟೆಯದು. ಬದಿಯಲ್ಲಿ ಸ್ಕೋಪ್ ಕೂರಿಸಲು ನಾಲ್ಕು ತೂತು ಕೊರೆದಿದ್ದಾರೆ. ನನ್ನ ರೈಫಲನ್ನು ಸ್ಕೋಪ್ ಸಮೇತ ಕೊಟ್ಟರೆ ಅದನ್ನು ಕೊಡುತ್ತಾರಂತೆ. ಅವರ ಮನೆ ಒಹಾಯೊದಲ್ಲಿ. ಇನ್ನೊಂದು ಕಡೆ, ನಮ್ಮ ಹತ್ತಿರದ ಅಂಗಡಿಯಲ್ಲಿ ಹಳೆಯ ಮಾರ್ಲಿನ್ 336 ನೋಡಿದೆ, ಅದೂ ಲಿವರ್ ರೈಫಲೇ. ನನಗೆ 47 ವರ್ಷ, ಕನ್ನಡಕ ಇದೆ. ಯಾವುದು ಸರಿ?

ಉತ್ತರ: ಮೊದಲು ಒಂದು ವಿಷಯ. ಆ ಗೆಳೆಯರ ಜೊತೆ ಪಾರ್ಕಿಂಗ್ ಜಾಗದಲ್ಲಿ ಕೋವಿ ಅದಲು ಬದಲು ಮಾಡಿಕೊಳ್ಳಬೇಡಿ. ನೀವು ಪೆನ್ಸಿಲ್ವೇನಿಯಾದವರು, ಅವರು ಒಹಾಯೊದವರು. ಬೇರೆ ಬೇರೆ ರಾಜ್ಯದ ಇಬ್ಬರು ಲೈಸೆನ್ಸ್ ಇರುವ ಡೀಲರ್ ಇಲ್ಲದೆ ನೇರವಾಗಿ ಕೋವಿ ಕೈ ಬದಲಿಸುವುದು ಫೆಡರಲ್ ಅಪರಾಧ. ದುಡ್ಡು ಕೊಡದೆ ಬರೀ ವಿನಿಮಯ ಮಾಡಿಕೊಂಡರೂ ಅಷ್ಟೇ. ಇಬ್ಬರೂ ಒಂದೇ ರಾಜ್ಯದಲ್ಲಿದ್ದಿದ್ದರೆ ಪೆನ್ಸಿಲ್ವೇನಿಯಾದಲ್ಲಿ ಉದ್ದ ನಳಿಗೆಯ ಕೋವಿಗೆ ಡೀಲರ್ ಬೇಕಿರಲಿಲ್ಲ. ಆದರೂ ಡೀಲರ್ ಮೂಲಕವೇ ಮಾಡಿ ಅಂತ ನಾನು ಹೇಳುತ್ತಿದ್ದೆ. ಗ್ರೀನ್ ಕಾರ್ಡ್ ಇರುವವರಿಗೆ ಒಂದು ಸಣ್ಣ ತಪ್ಪೂ ಈ ದೇಶದಲ್ಲಿ ಉಳಿಯುವ ಹಕ್ಕಿಗೇ ಕುತ್ತು ತರಬಹುದು, ಅಲ್ವಾ?

ದಾರಿ ಸುಲಭವಾಗಿದೆ. ಇಬ್ಬರೂ ಪಿಟ್ಸ್‌ಬರ್ಗ್‌ನ ಯಾವುದಾದರೂ ಡೀಲರ್ ಹತ್ತಿರ ಎರಡೂ ರೈಫಲ್ ತೆಗೆದುಕೊಂಡು ಹೋಗಿ. ಇಬ್ಬರೂ ಕೋವಿ ಪಡೆಯುವವರ ಫೆಡರಲ್ ಫಾರ್ಮ್ 4473 ತುಂಬಬೇಕು, ಇಬ್ಬರ ಹಿನ್ನೆಲೆಯೂ ಪರೀಕ್ಷೆಯಾಗಬೇಕು. ಪೆನ್ಸಿಲ್ವೇನಿಯಾದಲ್ಲಿ ಇದು ರಾಜ್ಯ ಪೊಲೀಸರ ಮೂಲಕ ನಡೆಯುತ್ತದೆ. ಈಗಿನ ವಿಳಾಸವಿರುವ ಫೋಟೊ ಗುರುತಿನ ಚೀಟಿ ಮತ್ತು ಗ್ರೀನ್ ಕಾರ್ಡ್ ಎರಡೂ ಕೈಯಲ್ಲಿರಲಿ, ಕಾರ್ಡಿನ ಮೇಲಿನ ನಂಬರನ್ನು ಫಾರ್ಮಿನಲ್ಲಿ ಬರೆಯಬೇಕು. ಕೈಪಿಸ್ತೂಲನ್ನು ಬೇರೆ ರಾಜ್ಯದವರಿಗೆ ಹೀಗೆ ಕೊಡಲು ಬರುವುದಿಲ್ಲ. ರೈಫಲ್ ಆದರೆ, ಎರಡೂ ರಾಜ್ಯದ ಕಾನೂನಿಗೆ ಒಪ್ಪುವುದಾದರೆ, ಡೀಲರ್ ಎದುರಾ ಎದುರು ಕೊಡಬಹುದು. ಗೆಳೆಯರು 'ಇಷ್ಟೆಲ್ಲಾ ಯಾಕೆ' ಅಂದರೆ ಆ ವ್ಯಾಪಾರವನ್ನು ಅಲ್ಲಿಗೇ ಬಿಟ್ಟುಬಿಡಿ.

ಇನ್ನು ಆಯ್ಕೆಯ ಮಾತು. ನೀವು ಕೊಂಡ 300 ಮ್ಯಾಗ್ನಮ್ ಕೆಟ್ಟ ರೈಫಲ್ ಅಲ್ಲ. ನಿಮ್ಮ ಕಾಡಿಗೆ ಅದು ತಕ್ಕದ್ದಲ್ಲ. ವಯೋಮಿಂಗ್‌ನ ಬಯಲಿನಲ್ಲಿ ಮುನ್ನೂರು ಗಜ ಆಚೆ ನಿಂತ ಎಲ್ಕ್ ಎಂಬ ದೊಡ್ಡ ಜಿಂಕೆಗೆ ಅದು ಹೇಳಿ ಮಾಡಿಸಿದ್ದು. ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ಹೆಮ್ಲಾಕ್ ಮರ, ಮೌಂಟನ್ ಲಾರೆಲ್ ಪೊದೆ, ಕಡಿದಾದ ಇಳಿಜಾರು. ಬಿಳಿಬಾಲದ ಜಿಂಕೆ ಕಾಣಿಸುವುದೇ ಐವತ್ತು ಅರವತ್ತು ಗಜದಲ್ಲಿ. ನೂರು ಗಜ ಆಚೆಗೆ ಕಣ್ಣು ಹರಿಯುವ ಜಾಗ ಕಮ್ಮಿ. ನೀವು ಕೊಡಗಿನವರು, ಇಂಥ ಕಾಡು ನಿಮಗೆ ಹೊಸದಲ್ಲ.

30-30 ತೋಟೆ ಬಂದದ್ದು 1895ರಲ್ಲಿ. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894 ರೈಫಲಿಗೆ ಅಂತಲೇ ಅದನ್ನು ಮಾಡಿದರು. 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ ಸುಮಾರು 2,390 ಅಡಿ ವೇಗದಲ್ಲಿ ಹೊರಡುತ್ತದೆ, 170 ಗ್ರೇನಿನದು ಸುಮಾರು 2,200 ಅಡಿ. ಕಾಗದದ ಮೇಲೆ ಇದು ಏನೂ ಅಲ್ಲ ಅನ್ನಿಸುತ್ತದೆ. ಆದರೆ 150 ಗಜದೊಳಗೆ ಜಿಂಕೆಗೆ ಧಾರಾಳವಾಗಿ ಸಾಕು. ಮಾಂಸವೂ ಜಾಸ್ತಿ ಹಾಳಾಗುವುದಿಲ್ಲ. ಒದೆತವಂತೂ ನಿಮ್ಮ ಮ್ಯಾಗ್ನಮ್‌ನ ಅರ್ಧಕ್ಕಿಂತ ಕಡಿಮೆ. ಒದೆತಕ್ಕೆ ಹೆದರಿದವನು ಈಡು ಹೊಡೆಯುವಾಗ ತನಗೆ ಗೊತ್ತಿಲ್ಲದೆಯೇ ಕಣ್ಣು ಮುಚ್ಚುತ್ತಾನೆ, ಗುಂಡು ಜಿಂಕೆಯ ಹೊಟ್ಟೆಗೆ ತಗಲುತ್ತದೆ. ಆ ಪ್ರಾಣಿ ನರಳುತ್ತಾ ಮೈಲಿಗಟ್ಟಲೆ ಹೋಗುತ್ತದೆ. ನನಗೆ ಇದಕ್ಕಿಂತ ಸಂಕಟದ ವಿಷಯ ಬೇರೆ ಇಲ್ಲ. ಹಾಗಾಗಿ ಬದಲಾಯಿಸುವ ನಿಮ್ಮ ನಿರ್ಧಾರ ಸರಿಯಾಗಿಯೇ ಇದೆ.

ವಿಂಚೆಸ್ಟರ್ 94 ಮತ್ತು ಮಾರ್ಲಿನ್ 336, ಎರಡೂ ಒಂದೇ ತೋಟೆ ಹೊಡೆಯುತ್ತವೆ. ಆದರೆ ಸ್ವಭಾವ ಬೇರೆ. 94 ತೆಳ್ಳಗೆ, ಹಗುರ. ಒಂದೇ ಕೈಯಲ್ಲಿ ನಡುವಿಗೆ ಹಿಡಿದು ದಿನವಿಡೀ ನಡೆಯಬಹುದು. ಹಳೆಯ 94ರಲ್ಲಿ ಖಾಲಿ ತೋಟೆ ಮೇಲಕ್ಕೆ ಚಿಮ್ಮುತ್ತದೆ. ಅದಕ್ಕೇ ಸ್ಕೋಪನ್ನು ನಳಿಗೆಯ ನೇರಕ್ಕೆ ಕೂರಿಸಲು ಆಗುವುದಿಲ್ಲ, ಪಕ್ಕಕ್ಕೆ ಸರಿಸಬೇಕು. ನಿಮ್ಮ ಗೆಳೆಯರ ಕೋವಿಗೆ ಬದಿಯಲ್ಲಿ ತೂತು ಕೊರೆದಿರುವುದು ಇದೇ ಕಾರಣಕ್ಕೆ. 1980ರ ದಶಕದಲ್ಲಿ ವಿಂಚೆಸ್ಟರ್‌ನವರು ತೋಟೆ ಓರೆಯಾಗಿ ಹೊರಬೀಳುವ ಹಾಗೆ ಮಾಡಿ ಇದನ್ನು ಸರಿಪಡಿಸಿದರು.

ಮಾರ್ಲಿನ್ 336 ಬಂದದ್ದು 1948ರಲ್ಲಿ. ಮೇಲ್ಭಾಗ ಗಟ್ಟಿ ಉಕ್ಕು, ಖಾಲಿ ತೋಟೆ ಬಲಕ್ಕೆ ಬೀಳುತ್ತದೆ. ಸ್ಕೋಪ್ ನೇರವಾಗಿ ನಳಿಗೆಯ ಮೇಲೆಯೇ ಕೂರುತ್ತದೆ. ಸ್ವಲ್ಪ ಭಾರ. ಇನ್ನೊಂದು ಅನುಕೂಲ ಇದೆ, ಅಂಗಡಿಯವರು ಹೇಳುವುದು ಅಪರೂಪ. ಲಿವರಿನ ಒಂದು ಸ್ಕ್ರೂ ಬಿಚ್ಚಿದರೆ ಲಿವರ್ ಕೈಗೆ ಬರುತ್ತದೆ, ನಳಿಗೆಯ ಹಿಂಭಾಗ ಮುಚ್ಚುವ ಬೋಲ್ಟ್ ಹಿಂದಕ್ಕೆ ಜಾರುತ್ತದೆ. ನಳಿಗೆಯನ್ನು ಹಿಂದಿನಿಂದ ಶುಚಿ ಮಾಡಬಹುದು. 94ನ್ನು ಎಲ್ಲರೂ ಬಾಯಿಯ ಕಡೆಯಿಂದಲೇ ಕಡ್ಡಿ ತೂರಿಸಿ ಉಜ್ಜುತ್ತಾರೆ. ಐವತ್ತು ವರ್ಷ ಹಾಗೆ ಉಜ್ಜಿದರೆ ನಳಿಗೆಯ ಬಾಯಿ ಸವೆದು ಗುಂಡು ದಿಕ್ಕು ತಪ್ಪುತ್ತದೆ.

ನನಗೇ ಹೀಗಾಗಿದೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದು ಅಂಗಡಿಯಲ್ಲಿ ಫಳಫಳ ಹೊಳೆಯುವ ಹಳೆಯ 94 ನೋಡಿ ಮರುಳಾದೆ. ನನ್ನ ಒಳ್ಳೆಯ ಶಾಟ್‌ಗನ್ ಕೊಟ್ಟು, ಮೇಲೆ ದುಡ್ಡನ್ನೂ ಕೊಟ್ಟು ತಂದೆ. ಐವತ್ತು ಗಜದಲ್ಲಿ ಐದು ಗುಂಡು ಒಂದು ಊಟದ ತಟ್ಟೆಯಷ್ಟು ಅಗಲಕ್ಕೆ ಚೆದುರಿದವು. ಆಮೇಲೆ ಗೊತ್ತಾಯಿತು, ತುಕ್ಕು ಹಿಡಿದ ಉಕ್ಕನ್ನು ತಿಕ್ಕಿ ಹೊಸದಾಗಿ ನೀಲಿ ಬಣ್ಣ ಕಟ್ಟಿದ್ದರು. ಬಾಯಿಯ ಅಂಚು ಪೂರ್ತಿ ಸವೆದಿತ್ತು. ಅಂದಿನಿಂದ ನನಗೆ ಹೊಳಪಿಗಿಂತ ಕೈ ತಾಗಿ ಬಣ್ಣ ಮಾಸಿದ ಕೋವಿಯ ಮೇಲೆಯೇ ನಂಬಿಕೆ.

ನಿಮ್ಮ ಕಣ್ಣಿನ ಮಾತೂ ಮುಖ್ಯ. 45 ದಾಟಿದ ಮೇಲೆ ಹಿಂದಿನ ಗುರಿಕಣ್ಣು, ಮುಂದಿನ ಮಣಿ, ಜಿಂಕೆ ಮೂರೂ ಒಟ್ಟಿಗೆ ಸ್ಪಷ್ಟ ಕಾಣುವುದಿಲ್ಲ. ಸಂಜೆಯ ಬೆಳಕಿನಲ್ಲಂತೂ ಕಷ್ಟ. ನಿಮಗೆ ಸಣ್ಣ ಸ್ಕೋಪ್ ಬೇಕೇ ಬೇಕು. ಹಾಗಾದರೆ ಮಾರ್ಲಿನ್ ತಗೊಳ್ಳಿ. ಇದು ನನ್ನ ನೇರ ಸಲಹೆ.

ಆದರೆ ಯಾವ ಮಾರ್ಲಿನ್ ಅಂತ ನೋಡಬೇಕು. ಕನೆಕ್ಟಿಕಟ್‌ನ ಹಳೆಯ ಕಾರ್ಖಾನೆಯ ರೈಫಲಿನ ನಳಿಗೆಯ ಬುಡದಲ್ಲಿ ಸಣ್ಣ ವೃತ್ತದೊಳಗೆ 'ಜೆಎಂ' ಮುದ್ರೆ ಇರುತ್ತದೆ. ರೆಮಿಂಗ್ಟನ್ ಕಂಪನಿ ಮಾರ್ಲಿನ್ ಅನ್ನು ಕೊಂಡು ಯಂತ್ರಗಳನ್ನೆಲ್ಲ ಬೇರೆ ಕಡೆಗೆ ಸಾಗಿಸಿತು. ಅದರ ನಂತರ ಮೊದಲ ಕೆಲವು ವರ್ಷದ ರೈಫಲುಗಳಲ್ಲಿ ಮರ ಮತ್ತು ಉಕ್ಕು ಸರಿಯಾಗಿ ಕೂರುತ್ತಿರಲಿಲ್ಲ, ಗುರಿಕಣ್ಣು ಓರೆ, ತೋಟೆ ಸಿಕ್ಕಿಕೊಳ್ಳುವುದು, ಹೀಗೆ ದೂರುಗಳು ಬಂದವು. ಕೊನೆಕೊನೆಯವು ಚೆನ್ನಾಗಿವೆ. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಕಂಪನಿ ಮಾರ್ಲಿನ್ ಹೆಸರನ್ನು ಕೊಂಡಿತು. ಈಗ ನಾರ್ತ್ ಕೆರೊಲಿನಾದಲ್ಲಿ ಮಾಡುತ್ತಾರೆ, ಕೆಲಸ ತುಂಬಾ ಅಚ್ಚುಕಟ್ಟಾಗಿದೆ, ಬೆಲೆಯೂ ಹಾಗೇ ಇದೆ. ನೀವು ಅಂಗಡಿಯಲ್ಲಿ ನೋಡಿದ್ದು ಜೆಎಂ ಆಗಿದ್ದು ಒಳ್ಳೆಯ ಸ್ಥಿತಿಯಲ್ಲಿದ್ದರೆ ಜಾಸ್ತಿ ಯೋಚಿಸಬೇಡಿ.

ಕೈಗೆ ತೆಗೆದುಕೊಂಡ ಕೂಡಲೇ ಲಿವರನ್ನು ಕೆಳಕ್ಕೆ ಎಳೆದು, ತೋಟೆ ಇದೆಯಾ ಅಂತ ಒಳಗೆ ನೋಡಿ. ಬೆರಳು ಹಾಕಿ ನೋಡಿ. ನಳಿಗೆಯ ಕೆಳಗೆ ತೋಟೆ ತುಂಬುವ ಕೊಳವೆಯಲ್ಲಿ ತೋಟೆ ಉಳಿದಿರಬಹುದು, ಅದನ್ನೂ ನೋಡಿ. ಆಮೇಲೆ ಸ್ಕ್ರೂಗಳ ತಲೆ ನೋಡಿ. ಕಿತ್ತುಹೋಗಿದ್ದರೆ ಯಾರೋ ಗೊತ್ತಿಲ್ಲದವರು ಬಿಚ್ಚಿದ್ದಾರೆ ಅಂತ ಅರ್ಥ. ಬೋಲ್ಟ್ ತೆಗೆಸಿ ಹಿಂದಿನಿಂದ ಬೆಳಕಿಗೆ ಹಿಡಿದು ನಳಿಗೆ ನೋಡಿ. ಒಳಗಿನ ಸುರುಳಿ ಗೀರುಗಳು ಚೂಪಾಗಿರಬೇಕು, ಕಪ್ಪು ಗುಂಡಿಗಳು ಇರಬಾರದು. ಮದ್ದಿಲ್ಲದ ಡಮ್ಮಿ ತೋಟೆ ತುಂಬಿ ಲಿವರನ್ನು ಜೋರಾಗಿ ಹತ್ತಾರು ಸಲ ಆಡಿಸಿ. ಹಳೆಯ ಮಾರ್ಲಿನ್‌ಗಳಿಗೆ ಒಂದು ಕಾಯಿಲೆ ಇದೆ. ತೋಟೆಯನ್ನು ಮೇಲೆತ್ತುವ ತಟ್ಟೆಯನ್ನು ಲಿವರಿನ ಚೂಪು ಅಂಚು ಕೊರೆದು ಕೊರೆದು ತೋಡು ಬೀಳುತ್ತದೆ. ಆಗ ಕೊಳವೆಯಿಂದ ಒಂದರ ಬದಲು ಒಂದೂವರೆ ತೋಟೆ ಹೊರಬಂದು ಕೋವಿ ಸಿಕ್ಕಿಕೊಳ್ಳುತ್ತದೆ. ಇದನ್ನು 'ಮಾರ್ಲಿನ್ ಜಾಮ್' ಅಂತಲೇ ಕರೆಯುತ್ತಾರೆ. ರಿಪೇರಿ ಸಾಧ್ಯ, ಆದರೆ ಬೆಲೆಯಲ್ಲಿ ಇಳಿಸಿಕೊಳ್ಳಿ.

ಇನ್ನು ವ್ಯಾಪಾರ. ರೈಫಲ್ ಬೇರೆ, ಸ್ಕೋಪ್ ಬೇರೆ ಅಂತ ಲೆಕ್ಕ ಹಾಕಿ. ಸ್ಕೋಪ್ ಸಮೇತ ಕೊಟ್ಟರೆ ಅದಕ್ಕೆ ಯಾರೂ ಸರಿಯಾದ ಬೆಲೆ ಕಟ್ಟುವುದಿಲ್ಲ, ಸುಮ್ನೆ ಜೊತೆಗೆ ಹೋಗಿಬಿಡುತ್ತದೆ. ಬಿಚ್ಚಿ ಇಟ್ಟುಕೊಳ್ಳಿ. ಅಂಗಡಿಯವರು ಮತ್ತೆ ಮಾರಬೇಕಲ್ಲ, ಅದಕ್ಕೆ ಮಾರುಕಟ್ಟೆ ಬೆಲೆಗಿಂತ ಸಾಕಷ್ಟು ಕಮ್ಮಿ ಹೇಳುತ್ತಾರೆ. ಅದು ಮೋಸ ಅಲ್ಲ. ತಾಳ್ಮೆ ಇದ್ದರೆ ಮ್ಯಾಗ್ನಮ್ ಅನ್ನು ಅಂಗಡಿಯಲ್ಲೇ ಕಮಿಷನ್ ಮೇಲೆ ಮಾರಲು ಬಿಡಿ, ಜಾಸ್ತಿ ಸಿಗುತ್ತದೆ. ಇನ್ನೂ ಒಳ್ಳೆಯ ದಾರಿ, ನಿಮ್ಮ ಗೆಳೆಯರಿಗೇ ಡೀಲರ್ ಮೂಲಕ ದುಡ್ಡಿಗೆ ಮಾರುವುದು. ಒಹಾಯೊದಲ್ಲಿ ಜಿಂಕೆ ಬೇಟೆಗೆ ನೇರ ಗೋಡೆಯ ತೋಟೆ ಹೊಡೆಯುವ ರೈಫಲ್ ಮಾತ್ರ ನಡೆಯುತ್ತದೆ. ಕುತ್ತಿಗೆ ಕಿರಿದಾಗುವ 30-30 ಅಲ್ಲಿ ನಡೆಯುವುದಿಲ್ಲ, 300 ಮ್ಯಾಗ್ನಮ್ ಕೂಡ ನಡೆಯುವುದಿಲ್ಲ. ಅಂದರೆ ಅವರು ನಿಮ್ಮ ರೈಫಲ್ ಕೇಳುತ್ತಿರುವುದು ಬಹುಶಃ ಪಶ್ಚಿಮದ ಎಲ್ಕ್ ಬೇಟೆಗೆ. ಅವರಿಗೆ ಅದು ನಿಜವಾಗಿ ಬೇಕು. ಆ 94 ಅವರಿಗೆ ಅಲ್ಲಿ ಉಪಯೋಗಕ್ಕಿಲ್ಲ. ಬೆಲೆ ಮಾತಾಡುವಾಗ ಇದು ನೆನಪಿರಲಿ.

ಆ 94ರ ಆಸೆ ಬಿಡದಿದ್ದರೆ ಸೀರಿಯಲ್ ನಂಬರ್ ನೋಡಿ. 1964ರಲ್ಲಿ ವಿಂಚೆಸ್ಟರ್‌ನವರು ಖರ್ಚು ಉಳಿಸಲು ತಯಾರಿಯ ಕ್ರಮ ಬದಲಿಸಿದರು. 27 ಲಕ್ಷದಿಂದ ಮೇಲಿನ ನಂಬರುಗಳು ಆ ಹೊಸ ಕ್ರಮದವು. ಅದಕ್ಕೂ ಮೊದಲಿನದಕ್ಕೆ ಸಂಗ್ರಹಕಾರರು ಒಳ್ಳೆಯ ಬೆಲೆ ಕೊಡುತ್ತಾರೆ. ಆದರೆ ಆ ನಾಲ್ಕು ತೂತು ಸಂಗ್ರಹದ ಬೆಲೆಯನ್ನು ತಿಂದುಹಾಕಿವೆ. ಕಾಡಿಗೆ ಒಯ್ಯಲು ಒಳ್ಳೆಯ ಕೋವಿಯೇ, ಅದರ ಬೆಲೆ ಮಾತ್ರ ಕೊಡಿ. ಇನ್ನೊಂದು ಮಾತು. ಅದು ಅವರ ತಂದೆಯ ಕೋವಿ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆಗಿಟ್ಟ ತಾತನ ಕೋವಿಯನ್ನು ನೀವು ಕೊಡುತ್ತೀರಾ? ಒಮ್ಮೆ ಅವರನ್ನು ಕೇಳಿ ನೋಡಿ, ಮುಂದೆ ಬೇಸರ ಆಗುವುದಿಲ್ಲವಾ ಅಂತ.

ಲಿವರ್ ರೈಫಲ್ ಹೊಸದಾಗಿ ಹಿಡಿಯುವವರಿಗೆ ಎರಡು ಎಚ್ಚರಿಕೆ. ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಗುಂಡಿನ ಮೂತಿ ಮುಂದಿನ ತೋಟೆಯ ಕೇಪಿಗೆ, ಅಂದರೆ ಬುಡದಲ್ಲಿ ಮದ್ದು ಹೊತ್ತಿಸುವ ಬಿಲ್ಲೆಗೆ, ತಾಗುತ್ತದೆ. ಚೂಪು ಮೂತಿಯ ಗಟ್ಟಿ ಗುಂಡು ಇದ್ದರೆ ಒದೆತಕ್ಕೆ ಕೇಪು ಸಿಡಿಯಬಹುದು. ಚಪ್ಪಟೆ ಅಥವಾ ದುಂಡು ಮೂತಿಯದು, ಇಲ್ಲವೇ ಮೆತ್ತನೆಯ ತುದಿಯ ಲಿವರೆವಲ್ಯೂಷನ್ ಥರದ್ದು ಮಾತ್ರ ಹಾಕಿ. ಎರಡನೆಯದು ಕುದುರೆ, ಅಂದರೆ ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯುವ ಸುತ್ತಿಗೆಯಂಥ ಭಾಗ. ಈಡು ಹೊಡೆಯದೆ ಕುದುರೆಯನ್ನು ಅರ್ಧಕ್ಕೆ ಇಳಿಸುವಾಗ ಚಳಿಗೆ ಮರಗಟ್ಟಿದ ಹೆಬ್ಬೆರಳು ಜಾರಿ ಈಡು ಹಾರಿಬಿಡಬಹುದು. 1980ರ ದಶಕದ ಮಧ್ಯದಿಂದ ಮಾರ್ಲಿನ್‌ಗಳಲ್ಲಿ ಒತ್ತುಗುಂಡಿಯ ಸೇಫ್ಟಿ ಇದೆ, ಹಳೆಯವರು ಅದನ್ನು ಬೈಯುತ್ತಾರೆ. ಹೊಸಬರಿಗೆ ಅದು ಬೇಕು. ಮನೆಯಲ್ಲಿ ಖಾಲಿ ಕೋವಿಯ ಮೇಲೆ, ಕೈಗವಸು ಹಾಕಿಕೊಂಡೇ, ನೂರು ಸಲ ಅಭ್ಯಾಸ ಮಾಡಿ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ರೈಫಲ್ ಸೀಸನ್ ಶುರು. ಅಷ್ಟರೊಳಗೆ ಕೈಗೆ ಒಗ್ಗಿರಲಿ.

ಪ್ರಶ್ನೆ: ಎಚ್-1ಬಿ ವೀಸಾದಲ್ಲಿ ಟೆಕ್ಸಸ್‌ನಲ್ಲಿದ್ದೇನೆ. ನಾನೂ ಒಂದು ಲಿವರ್ ರೈಫಲ್ ಕೊಳ್ಳಬಹುದಾ? ಗೆಳೆಯರ ಜೊತೆ ರೇಂಜಿಗೆ ಹೋಗುತ್ತಿರುತ್ತೇನೆ.

ಉತ್ತರ: ರೇಂಜಿಗೆ ಹೋಗುವುದನ್ನು ಈಗಲೇ ನಿಲ್ಲಿಸಿ. ವಲಸೆಯೇತರ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಗೆಳೆಯನ ಕೋವಿಯನ್ನು ಅರ್ಧ ಗಂಟೆ ಕೈಯಲ್ಲಿ ಹಿಡಿದರೂ ಅದು ಸೇರುತ್ತದೆ. ನಮ್ಮ ಸಾಫ್ಟ್‌ವೇರ್ ಹುಡುಗರಲ್ಲಿ ಎಷ್ಟೋ ಜನ ಇದು ಗೊತ್ತಿಲ್ಲದೆ ವಾರಾಂತ್ಯಕ್ಕೆ ರೇಂಜಿಗೆ ಹೋಗಿ ಫೋಟೊ ಹಾಕುತ್ತಾರೆ. ನನಗೆ ನಿಜವಾಗಿ ಭಯವಾಗುತ್ತದೆ. ಕಾನೂನಿನಲ್ಲೇ ಒಂದು ವಿನಾಯಿತಿ ಇದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಕೊಳ್ಳಬಹುದು, ಇಟ್ಟುಕೊಳ್ಳಬಹುದು. ಅಂಗಡಿಗೆ ಹೋಗುವಾಗ ಅದು ಜೊತೆಗಿರಬೇಕು. ಅವಧಿ ಒಂದು ದಿನವೂ ತಪ್ಪದ ಹಾಗೆ ನವೀಕರಿಸುತ್ತಿರಬೇಕು. ಕೊಳ್ಳುವ ಮೊದಲು ವಲಸೆ ವಕೀಲರ ಹತ್ತಿರ ಒಮ್ಮೆ ಮಾತಾಡಿ.

ಪ್ರಶ್ನೆ: ಜಿಂಕೆಗೆ 45-70 ಅನ್ನುವ ದಪ್ಪ ತೋಟೆಯ ಲಿವರ್ ರೈಫಲ್ ಹೇಗೆ? ಹಳೆಯ ಟ್ರ್ಯಾಪ್‌ಡೋರ್ ಒಂದೂ ಜೊತೆಗೆ ಸಿಗುತ್ತಿದೆ.

ಉತ್ತರ: ಜಿಂಕೆಗೆ ಅಷ್ಟು ಬೇಕಿಲ್ಲ, ಕರಡಿ ಇರುವ ಕಡೆ ಒಳ್ಳೆಯದು. ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್ 1873ರ ಸೈನ್ಯದ ಕೋವಿ, ಕಪ್ಪು ಮದ್ದಿನ ಕಾಲದ ಉಕ್ಕು. ಈಗಿನ ಮಾರ್ಲಿನ್‌ಗೆ ಅಂತ ತುಂಬಿದ ಹೆಚ್ಚು ಒತ್ತಡದ ತೋಟೆ ಅದರೊಳಗೂ ಸಲೀಸಾಗಿ ಕೂರುತ್ತದೆ, ಹೊಡೆದರೆ ಕೋವಿಯೇ ಒಡೆಯಬಹುದು. ಎರಡೂ ಮನೆಗೆ ತಂದರೆ ಎರಡರ ತೋಟೆಯನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೇರೆ ಕಪಾಟಿನಲ್ಲಿ ಇಡಿ.